ಬಣ್ಣಕ್ಕೆ ಮೊದಲು ಬಟ್ಟೆ ಕುದಿಸುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ನೈಸರ್ಗಿಕ ಬಣ್ಣ, ಕಸೂತಿ ಕಲಿಸುವ ಒಂದು ದಿನದ ಕಾರ್ಯಾಗಾರಗಳು ಎಲ್ಲೆಡೆ ಶುರುವಾಗುತ್ತವೆ. ಬೆಳಿಗ್ಗೆ ಬಂದವರು ಸಂಜೆಗೆ ಬಣ್ಣದ ಕರವಸ್ತ್ರ ಹಿಡಿದು ಮನೆಗೆ ಹೋಗುತ್ತಾರೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಬಣ್ಣ ಇಳಿದಾಗ ‘ಗಿಡದ ಬಣ್ಣ ನಿಲ್ಲುವುದಿಲ್ಲ’ ಎಂದುಕೊಳ್ಳುತ್ತಾರೆ. ಬಣ್ಣಕ್ಕೆ ಮುಂಚಿನ ಎರಡು ದಿನದ ಕೆಲಸ ಬಿಟ್ಟುಹೋಗಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಹತ್ತಿ ಬಟ್ಟೆಯಲ್ಲಿ ಗಂಜಿ, ಮೇಣದ ಅಂಶ ಇದ್ದೇ ಇರುತ್ತದೆ. ಲೀಟರ್ ನೀರಿಗೆ 2–3 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಅಂಟುವಾಳದ ನೀರು ಹಾಕಿ ಒಂದು ಗಂಟೆ ಕುದಿಸಬೇಕು. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಗುಂಡಗೆ ನಿಂತರೆ ಮತ್ತೆ ಕುದಿಸಬೇಕು. ಬಿದ್ದ ಕೂಡಲೇ ಬಟ್ಟೆ ಕುಡಿದುಬಿಟ್ಟರೆ ಸರಿ.

ಬಣ್ಣ ಬಟ್ಟೆಗೆ ಕಚ್ಚಲು ಪಟಿಕ (ಆಲಮ್) ಬೇಕು. ರೇಷ್ಮೆ ಹಿಡಿಯುವಷ್ಟು ಸುಲಭವಾಗಿ ಹತ್ತಿ ಅದನ್ನು ಹಿಡಿಯದು, ಹತ್ತಿಗೆ ಮೊದಲು ಒಗರು ಬೇಕು. ಅರ್ಧ ಕಿಲೊ ಒಣ ಬಟ್ಟೆಗೆ 100 ಗ್ರಾಂ ಅಳಲೆಕಾಯಿ ಪುಡಿ. ಆ ನೀರಲ್ಲಿ ರಾತ್ರಿ ನೆನೆಸಿ, ಹಿಂಡಿ, ಜಾಲಾಡದೆ ನೆರಳಲ್ಲಿ ಒಣಗಿಸಬೇಕು. ಮರುದಿನ ಬಿಸಿನೀರಲ್ಲಿ ಕರಗಿಸಿದ 75 ಗ್ರಾಂ ಪಟಿಕವನ್ನು ಬಟ್ಟೆಗೆ ಹಿಡಿಸಬೇಕು. ಎಲ್ಲವೂ ತಕ್ಕಡಿಯ ಅಳತೆ, ಚಮಚದ ಅಂದಾಜು ಸಾಲದು. ಕಪ್ಪು ಛಾಯೆಗೆ ಹಾಕುವ ಅನ್ನಭೇದಿ (ಕಬ್ಬಿಣದ ಲವಣ) ಇಷ್ಟೇ ಬಟ್ಟೆಗೆ 10 ಗ್ರಾಂ ಮೀರಬಾರದು, ಹೆಚ್ಚಾದರೆ ನೂಲೇ ಸವೆದು ಹರಿಯುತ್ತದೆ. ಮೈಲುತುತ್ತ (ತಾಮ್ರದ ಲವಣ) ವಿಷ, ಮಕ್ಕಳ ಶಿಬಿರದಲ್ಲಿ ಅದು ಬೇಡವೇ ಬೇಡ.

ಬಣ್ಣದ ಆಯ್ಕೆಯಲ್ಲೂ ಎಚ್ಚರ ಬೇಕು. ಬೀಟ್‌ರೂಟ್, ದಾಸವಾಳ ನೋಡಲು ಚೆಂದ, ಬಟ್ಟೆಯಲ್ಲಿ ಉಳಿಯುವುದಿಲ್ಲ. ಅರಿಸಿನ ಬಿಸಿಲಿಗೆ ಹಾರುತ್ತದೆ, ಸೋಪು ತಾಗಿದರೆ ಕುಂಕುಮದಂತೆ ಕೆಂಪಾಗುತ್ತದೆ. ದಾಳಿಂಬೆ ಸಿಪ್ಪೆ ನಂಬಿಗಸ್ತ. ಕೆಂಪು ಕೊಡುವ ಮಂಜಿಷ್ಠದ ಬೇರೂ ಅಷ್ಟೇ, ಆದರೆ ಕೊತಕೊತ ಕುದಿಸಿದರೆ ಕೆಂಪು ಹೋಗಿ ಕಂದು ಬಣ್ಣವಾಗುತ್ತದೆ. ಮಲೆನಾಡಿನವರಿಗಂತೂ ಅಡಿಕೆ ಬೇಯಿಸಿದ ಚೊಗರೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯ ಚರಕ ಸಂಸ್ಥೆ ಅದನ್ನು ಕೈಮಗ್ಗದ ಬಟ್ಟೆಗೆ ಬಳಸಿ ತೋರಿಸಿದೆ.

ಹೊಲಿಗೆಯ ತೊಂದರೆಗಳೂ ಇಲ್ಲಿಂದಲೇ ಶುರು. ಕುದಿಸದ ಬಟ್ಟೆಯ ಮೇಲೆ ಕಸೂತಿ ಹಾಕಿದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ ಚಿತ್ತಾರದ ಸುತ್ತ ಸುಕ್ಕು ಬೀಳುತ್ತದೆ. ದಾರದ ಲಡಿಯನ್ನು ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಹಾಕಿದರೆ ಕಟ್ಟಿದಲ್ಲೆಲ್ಲ ಬಿಳಿ ಉಳಿಯುತ್ತದೆ, ಸಡಿಲವಾಗಿ ಕಟ್ಟಿ. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಕಸೂತಿಯ ನಾಲ್ಕು ಹೊಲಿಗೆಗಳನ್ನೂ ಒಂದು ಮಧ್ಯಾಹ್ನದಲ್ಲಿ ತುರುಕುವ ಬದಲು ಗಾವಂತಿಯೊಂದನ್ನೇ ಕೈಗೆ ಹತ್ತುವವರೆಗೆ ಮಾಡಿಸಿ. ಎಳೆ ಎಣಿಸಿ ಹೋಗಬೇಕು, ಬಿಟ್ಟ ಜಾಗವನ್ನು ವಾಪಸು ಬರುವಾಗ ತುಂಬಬೇಕು, ಗಂಟು ಹಾಕಬಾರದು. ಒಂದೇ ಒಂದು ಎಳೆ ತಪ್ಪಿದರೂ ಗೋಪುರದ ಚಿತ್ತಾರದ ಎರಡು ಬದಿ ತುದಿಯಲ್ಲಿ ಕೂಡುವುದಿಲ್ಲ. ಬಟ್ಟೆ ತಿರುವಿದರೆ ಹಿಂಬದಿಯೇ ಎಲ್ಲ ಹೇಳುತ್ತದೆ. ಎಳೆ ಕಾಣದ ನಯವಾದ ಮಿಲ್ ಬಟ್ಟೆ ಕಲಿಯುವವರಿಗೆ ಕೊಡಬೇಡಿ.

ಸಂಘಟಕರು ಕನಿಷ್ಠ ಮೂರು ದಿನ ಇಡಲಿ. ಆಗದಿದ್ದರೆ ಅಳಲೆ, ಪಟಿಕ ಹಿಡಿಸಿ ಒಣಗಿಸಿದ ಬಟ್ಟೆಯನ್ನೇ ಕೊಟ್ಟು, ಹಿಂದಿನ ಹಂತಗಳನ್ನು ತೂಕದ ಸಮೇತ ಬರೆದುಕೊಡಲಿ. ಜೊತೆಗೆ ಅದೇ ಬಣ್ಣದ ತುಂಡೊಂದನ್ನು ಕೊಟ್ಟು, ಅರ್ಧಕ್ಕೆ ರಟ್ಟು ಮುಚ್ಚಿ ಎರಡು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಡಲು ಹೇಳಲಿ. ರಟ್ಟು ತೆಗೆದಾಗ ಎರಡೂ ಅರ್ಧ ಒಂದೇ ಆಗಿದ್ದರೆ ಆ ಬಣ್ಣದಲ್ಲಿ ಸೀರೆ ಅದ್ದಬಹುದು.

– ಬಣ್ಣ, ಕಸೂತಿ ಕಲಿಸುವ ತಂಡ, ಧಾರವಾಡ