ನೆಟ್‌ವರ್ಕ್ ಲ್ಯಾಬ್‌ಗೆ ಹಳೆಯ ಉಬುಂಟು ಏಕೆ?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ನೆಟ್‌ವರ್ಕ್ ಲ್ಯಾಬ್‌ನಲ್ಲಿ ನೆಟ್‌ವರ್ಕಿನ ವರ್ತನೆಯನ್ನು ಕಂಪ್ಯೂಟರಿನಲ್ಲೇ ಅನುಕರಿಸಿ ತೋರಿಸುವ ಎನ್‌ಎಸ್-2 ಸಿಮ್ಯುಲೇಟರ್ ಇನ್ನೂ ಬಳಕೆಯಲ್ಲಿದೆ. ಸೋರ್ಸ್ ಕೋಡ್‌ನಿಂದ ಅದನ್ನು ಬಿಲ್ಡ್ ಮಾಡಲು (ಓಡುವ ಪ್ರೋಗ್ರಾಂ ಆಗಿ ಕಟ್ಟಲು) ಹೊರಟು ಎರರ್ ಕಂಡ ವಿದ್ಯಾರ್ಥಿಗೆ ಸಿಗುವ ಸಲಹೆ, 'ಉಬುಂಟು 14.04 ಹಾಕಿಕೊಳ್ಳಿ' ಎಂಬುದು. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಆದ ಉಬುಂಟುವಿನ ಆ ಆವೃತ್ತಿಯ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು 2019ರಲ್ಲೇ ನಿಂತಿವೆ. ತಮಾಷೆಯೆಂದರೆ, ಅಲ್ಲಿಯೂ ಅದೇ ಎರರ್ ಬರುತ್ತದೆ!

ಎನ್‌ಎಸ್-2ರ 2.35 ಆವೃತ್ತಿ ಬಿಡುಗಡೆಯಾದದ್ದು 2011ರ ನವೆಂಬರ್‌ನಲ್ಲಿ. ಮರುವರ್ಷ ಬಂದ ಜಿಸಿಸಿ 4.7 ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ಬದಲಿಸುವ ತಂತ್ರಾಂಶ), ಸಿ++ ನಿಯಮವೊಂದನ್ನು ಬಿಗಿಗೊಳಿಸಿತು. ಟೆಂಪ್ಲೇಟ್ ಕ್ಲಾಸಿನೊಳಗೆ ಬರೀ ಹೆಸರಿಡಿದು ಕರೆದ ಫಂಕ್ಷನ್‌ಗಾಗಿ ಕಂಪೈಲರ್ ಈಗ ಬೇಸ್ ಕ್ಲಾಸಿನಲ್ಲಿ ಹುಡುಕುವುದಿಲ್ಲ. 14.04ರಲ್ಲಿರುವುದು ಜಿಸಿಸಿ 4.8, ಹಾಗಾಗಿ ಅಲ್ಲಿಯೂ ಇದೇ ನಿಯಮ ಅಡ್ಡ ಬರುತ್ತದೆ. ಲಿಂಕ್‌ಸ್ಟೇಟ್ ಫೋಲ್ಡರಿನ 'ಎಲ್ಎಸ್.ಎಚ್' ಫೈಲ್‌ನ 137ನೇ ಸಾಲಿನಲ್ಲಿ 'ಎರೇಸ್' ಎಂದಿರುವುದನ್ನು 'ದಿಸ್->ಎರೇಸ್' ಎಂದು ತಿದ್ದಿದರೆ ಈ ತಡೆ ನಿವಾರಣೆಯಾಗುತ್ತದೆ. ತಿದ್ದಿದ ಮೇಲೆ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಮತ್ತೆ ಓಡಿಸಬೇಕು. ತೀರಾ ಹೊಸ ಜಿಸಿಸಿ ಬೇರೆ ತಕರಾರುಗಳನ್ನೂ ತೆಗೆಯಬಹುದು. ಆಗ ಕೊನೆಯ 'ಮೇಕ್ ಫೇಲ್ಡ್' ಸಾಲನ್ನು ನೋಡಿ ಕೂರಬೇಡಿ, ಅದರಲ್ಲಿ ಏನೂ ಇಲ್ಲ. ಮೇಲಕ್ಕೆ ಹೋಗಿ, ಮೊದಲ 'ಎರರ್' ಎಲ್ಲಿದೆಯೋ ಅದನ್ನು ಓದಿ.

ಇದಕ್ಕೂ ಮುಂಚೆ ಬಿಲ್ಡ್-ಎಸೆನ್ಷಿಯಲ್, ಆಟೋಕಾನ್ಫ್, ಆಟೋಮೇಕ್ ಹಾಗೂ ಲಿಬ್‌ಎಕ್ಸ್‌ಎಂಯು-ಡೆವ್ ಪ್ಯಾಕೇಜ್‌ಗಳನ್ನು ಹಾಕಿರಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಬಿಲ್ಡ್ ಮುಗಿದಾಗ ತೆರೆಯ ಮೇಲೆ ಬರುವ ಪಾತ್ ಸಾಲುಗಳನ್ನು (ಪ್ರೋಗ್ರಾಂ ಎಲ್ಲಿದೆ ಎಂದು ತಿಳಿಸುವಂಥವು) ಟರ್ಮಿನಲ್ ತೆರೆದಾಗ ಓದಲಾಗುವ ಬ್ಯಾಶ್‌ಆರ್‌ಸಿ ಫೈಲ್‌ಗೆ ಸೇರಿಸದಿದ್ದರೆ 'ಎನ್‌ಎಸ್: ಕಮಾಂಡ್ ನಾಟ್ ಫೌಂಡ್' ಎಂಬ ಉತ್ತರ ಗ್ಯಾರಂಟಿ.

ವಿಂಡೋಸ್‌ನವರು ಸಿಗ್ವಿನ್ ಬಿಟ್ಟು, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಹಿಡಿಯುವುದು ಲೇಸು. ವಿಂಡೋಸ್ 11ರಲ್ಲಿ ಲಿನಕ್ಸ್‌ನ ಗ್ರಾಫಿಕ್ಸ್ ಕಿಟಕಿಗಳು ನೇರವಾಗಿ ತೆರೆಯುವುದರಿಂದ ಸಿಮ್ಯುಲೇಷನ್ನನ್ನು ಚಿತ್ರವಾಗಿ ತೋರಿಸುವ ನ್ಯಾಮ್‌ಗಾಗಿ ಬೇರೆ ಎಕ್ಸ್ ಸರ್ವರ್ (ಇಂಥ ಕಿಟಕಿ ತೆರೆಯುವ ತಂತ್ರಾಂಶ) ಬೇಡ. ಆದರೆ ಸೋರ್ಸ್ ಅನ್ನು ಸಿ ಡ್ರೈವ್‌ನಲ್ಲಿಡದೆ ಲಿನಕ್ಸ್‌ನ ಹೋಮ್ ಫೋಲ್ಡರಿನಲ್ಲಿಡಿ, ಇಲ್ಲವಾದರೆ ಕಂಪೈಲ್ ಆಮೆನಡಿಗೆ. ಮ್ಯಾಕ್‌ನಲ್ಲಿ ಎಕ್ಸ್‌ಕ್ವಾರ್ಟ್ಸ್ ಎಂಬ ಎಕ್ಸ್ ಸರ್ವರ್ ಬೇಕು. ಅಲ್ಲಿನ ಶೆಲ್ (ಕಮಾಂಡ್‌ಗಳನ್ನು ಓದುವ ಪ್ರೋಗ್ರಾಂ) ಝಡ್‌ಶೆಲ್ ಆದ್ದರಿಂದ ಪಾತ್ ಸಾಲುಗಳು ಝಡ್‌ಎಸ್‌ಎಚ್‌ಆರ್‌ಸಿಗೆ ಹೋಗಬೇಕು. ಅಲ್ಲಿನ ಕ್ಲಾಂಗ್ ಕಂಪೈಲರ್‌ನ ಜೊತೆ ಗುದ್ದಾಡುವುದಕ್ಕಿಂತ ವರ್ಚುವಲ್ ಮಷೀನಿನಲ್ಲಿ ಲಿನಕ್ಸ್ ಓಡಿಸುವುದೇ ಸಲೀಸು.

ಅಷ್ಟಕ್ಕೂ ಪಠ್ಯದ ಟಿಸಿಎಲ್ ಭಾಷೆಯ ಪ್ರೋಗ್ರಾಂ ಓಡಿಸಲು ಉಬುಂಟುವಿನ ಸಿದ್ಧ 'ಎನ್‌ಎಸ್2' ಪ್ಯಾಕೇಜ್ ಸಾಕಾಗುತ್ತದೆ. ಸಿ++ನಲ್ಲಿ ಹೊಸ ಪ್ರೊಟೊಕಾಲ್ ಬರೆಯುವವರಿಗಷ್ಟೇ ಸೋರ್ಸ್ ಬೇಕು.

ಇದರ ನಂತರ ಬಂದ ಎನ್‌ಎಸ್-3 ಸಿಮ್ಯುಲೇಟರ್ ಕಲಿಸುವ ಕಡೆ ತೊಡಕು ಬೇರೆ. 2022ರ 3.36 ಆವೃತ್ತಿಯಿಂದ ಅದು 'ವ್ಯಾಫ್' ಎಂಬ ಬಿಲ್ಡ್ ಸಾಧನ ಬಿಟ್ಟು ಸಿಮೇಕ್‌ಗೆ ಬದಲಾಗಿದೆ. ವ್ಯಾಫ್ ಕಮಾಂಡ್‌ಗಳಿರುವ ಕೈಪಿಡಿ ಹಿಡಿದವರಿಗೆ ಮೊದಲ ಹೆಜ್ಜೆಯೇ ಸಾಗದು. ಲ್ಯಾಬ್ ಕೈಪಿಡಿ ಸಿದ್ಧಪಡಿಸುವ ಬೋಧಕರು ಸಿಮ್ಯುಲೇಟರ್, ಕಂಪೈಲರ್, ಆಪರೇಟಿಂಗ್ ಸಿಸ್ಟಂ ಈ ಮೂರರ ಆವೃತ್ತಿಯನ್ನೂ, ಮಾಡಬೇಕಾದ ತಿದ್ದುಪಡಿಯನ್ನೂ ಮೊದಲ ಪುಟದಲ್ಲೇ ಮುದ್ರಿಸಲಿ.

– ನೆಟ್‌ವರ್ಕ್ ಲ್ಯಾಬ್ ಬೋಧಕ, ದಾವಣಗೆರೆ