ಮಗಳಿಗೊಂದು ಪತ್ರ: ತೋಟದ ಹಿಂಬದಿಯ ಹೂವಿನ ಮಡಿ ಹಾಗೇ ಇರಲಿ

ಪ್ರೀತಿಯ ಪುಟ್ಟಿ,

'ಅಮ್ಮಾ, ಮುಂದಿನ ಸಲ ಪೂರ್ತಿ ತೋಟ ಜನಕ್ಕೆ ತೆರೆದುಬಿಡೋಣ್ವಾ?' ಅಂತ ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಈ ಸಲ ನಮ್ಮ ಸೂರ್ಯಕಾಂತಿ ತೋಟವನ್ನು ಜನಕ್ಕೆ ತೆರೆಯುವಾಗ, ಸುಮ್ನೆ ಹೂ ನೋಡೋಕೆ ಯಾರು ಬರ್ತಾರೆ ಅಂದಿದ್ದೆ ನಾನು. ತಪ್ಪು ನನ್ನದೇ. ಮೊದಲ ಭಾನುವಾರ ಬಂದ ಆ ಅಜ್ಜಿ ನೆನಪಿದೆಯಾ? ಸೂರ್ಯಕಾಂತಿಯ ನಡುವೆ ಮೆಲ್ಲಗೆ ಬೆರಳಿಟ್ಟರು. ಇದು ಒಂದು ಹೂವಲ್ಲ ಅಜ್ಜಿ, ನೂರಾರು ಪುಟ್ಟ ಹೂಗಳು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ ಅಂದೆ. ಬೆರಳಿಗೆ ಹಳದಿ ಪುಡಿ ಅಂಟಿತ್ತು. ಅವರು ಅದನ್ನು ಒರೆಸಿಕೊಳ್ಳಲೇ ಇಲ್ಲ, ಹೊರಡುವವರೆಗೂ ನೋಡಿಕೊಳ್ಳುತ್ತಿದ್ದರು. ಇಷ್ಟು ವರ್ಷ ಮಾರುವ ಹೂವಿನ ಕಟ್ಟು ಎಣಿಸಿಕೊಂಡೇ ಬಂದ ನನಗೂ ಅವತ್ತು ನಮ್ಮ ಹೂವು ಹೊಸದಾಗಿ ಕಂಡಿತು.

ಆದರೆ ಸೋಮವಾರ ನೀರು ಬಿಟ್ಟಾಗ ಸಾಲಿನ ನಡುವೆ ಹೆಜ್ಜೆ ಹೆಜ್ಜೆಯಲ್ಲೂ ನೀರು ನಿಂತಿತು. ಗುದ್ದಲಿ ಹಾಕಿದರೆ ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು. ತುಳಿದು ಗಟ್ಟಿಯಾದ ನೆಲದಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಜನರ ತಪ್ಪಲ್ಲ, ನಾವು ದಾರಿಯನ್ನೇ ಬಿಟ್ಟಿರಲಿಲ್ಲ. ಇನ್ನು ಬಿತ್ತುವ ಮುಂಚೆಯೇ ದಾರಿ ಬಿಡೋಣ. ಅದೂ ಪೂರ್ವದ ಕಡೆಗೆ. ಎಳೆಯ ಸೂರ್ಯಕಾಂತಿ ಸೂರ್ಯನ ಜೊತೆ ತಿರುಗುತ್ತದೆ, ಅರಳಿ ಬಲಿತ ಮೇಲೆ ಪೂರ್ವಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಈ ಸಲ ಪಶ್ಚಿಮದ ಬದುವಿನಿಂದ ಬಂದವರಿಗೆಲ್ಲ ನಾವು ಹೂವಿನ ಬೆನ್ನು ತೋರಿಸಿ ಕಳಿಸಿದೆವು. ಪಾಪ ಅನ್ನಿಸಿತು.

ಬಿತ್ತನೆಯೂ ಒಂದೇ ದಿನ ಬೇಡ. ಬಿತ್ತಿದ ಸುಮಾರು 2 ತಿಂಗಳಿಗೆ ಹೂ ಬಂದರೆ, ನೋಡಲು ಚೆನ್ನಾಗಿರುವುದು ಹೆಚ್ಚೆಂದರೆ 2–3 ವಾರ. 10 ದಿನಕ್ಕೊಂದು ಮಡಿ ಬಿತ್ತಿದರೆ ತಡವಾಗಿ ಬಂದವರಿಗೂ ಹೂ ಸಿಗುತ್ತದೆ.

ನನ್ನ ಮುಖ್ಯ ಮಾತು ತೋಟದ ಹಿಂಬದಿಯ ಮಡಿಯದು. ಮಾರುವ ಹೂವನ್ನು ಎಸಳು ಆಗಷ್ಟೇ ಬಿಚ್ಚಿಕೊಳ್ಳುವಾಗ, ತಂಪು ಹೊತ್ತಿನಲ್ಲಿ ಕೊಯ್ಯಬೇಕು. ಇಲ್ಲದಿದ್ದರೆ ಹೆಚ್ಚು ದಿನ ಬಾಳುವುದಿಲ್ಲ. ನೋಡುವ ಹೂವು ಪೂರ್ತಿ ಅರಳಿ ಗಿಡದಲ್ಲೇ ಇರಬೇಕು. ಒಂದೇ ಮಡಿ ಎರಡಕ್ಕೂ ಆಗುವುದಿಲ್ಲ, ಅಲ್ವಾ? ಮುಂಬದಿಯದು ಜನಕ್ಕೆ ಮತ್ತು ಜೇನಿಗೆ. ಹಿಂಬದಿಯದು ಕತ್ತರಿಗೆ. ಒಂದು ವಾರ ಮಳೆ ಹಿಡಿದು ಯಾರೂ ಬಾರದಿದ್ದರೂ ಮನೆ ನಡೆಸುವುದು ಆ ಮಡಿಯೇ ಪುಟ್ಟಿ. ಅದನ್ನು ಮಾತ್ರ ತೆರೆಯುವುದು ಬೇಡ.

ವರ್ಷಪೂರ್ತಿ ತೆರೆಯುವ ಆಸೆಯನ್ನೂ ಬಿಡು. ನೀನೇ ಚಿತ್ರ ತೋರಿಸಿದ್ದೆಯಲ್ಲ, ನೆದರ್‌ಲ್ಯಾಂಡಿನ ಕ್ಯೂಕೆನ್‌ಹೋಫ್ ತೋಟ. 1950ರಿಂದ ಜನ ಬರುತ್ತಿದ್ದಾರೆ, ಸುಮಾರು 70 ಲಕ್ಷ ಗೆಡ್ಡೆ ನೆಡುತ್ತಾರೆ, ಆದರೂ ಟ್ಯುಲಿಪ್ ನೋಡಲು ಬಾಗಿಲು ತೆರೆಯುವುದು ವಸಂತದ 8 ವಾರಗಳಷ್ಟೇ. ಅಷ್ಟು ದೊಡ್ಡವರೇ ಹೂವಿನ ಕಾಲಕ್ಕೆ ಕಾಯುತ್ತಾರೆ. ನಮ್ಮ ಮಣ್ಣಿಗೂ ಬಿಡುವು ಬೇಕು. ನಿನ್ನ ಅಪ್ಪನ ಬೆನ್ನಿಗೂ.

ಗೂಟ, ಹಗ್ಗ ತೆಗೆದಿಟ್ಟಿದ್ದೇನೆ. ದಾರಿಯ ಅಗಲ ಎಷ್ಟಿರಬೇಕು ಅಂತ ನೀನು ಬಂದ ಮೇಲೆ ನಡೆದು ನೋಡೋಣ. ಗಾಲಿಕುರ್ಚಿ ತಿರುಗುವಷ್ಟಾದರೂ ಇರಲಿ. ಆ ಅಜ್ಜಿ ಮತ್ತೆ ಬರುತ್ತೇನೆ ಅಂದಿದ್ದಾರೆ.

ನಿನ್ನ
ಅಮ್ಮ