ಉಪ್ಪು ಗಾಳಿಯ ಮೇಲೆ ಗೂಬೆ ಕೂರಿಸಬೇಡಿ: ಒಂದೇ ಮಳೆಗಾಲಕ್ಕೆ ಹಾಳಾದ ಕಾಂಕ್ರೀಟ್ ದಾರಿಯ ಬಗ್ಗೆ ದೂರು

ಕಾಪು, ಉಡುಪಿ ಜಿಲ್ಲೆ
ದಿನಾಂಕ: 12 ಜನವರಿ 2026

ಗೆ,
ವ್ಯವಸ್ಥಾಪಕರು,
ಕಾಂಕ್ರೀಟ್ ಕಾಮಗಾರಿ ವಿಭಾಗ,
ಉಡುಪಿ

ವಿಷಯ: ಗೇಟಿನಿಂದ ಪೋರ್ಟಿಕೋವರೆಗೆ ನೀವು ಹಾಕಿದ ಕಾಂಕ್ರೀಟ್ ಒಡೆದಿರುವುದು, ಅದನ್ನು ನಿಮ್ಮ ಖರ್ಚಿನಲ್ಲೇ ತೆಗೆದು ಹೊಸದಾಗಿ ಹಾಕಿಕೊಡುವ ಬಗ್ಗೆ.

ಮಾನ್ಯರೇ,

ಕಳೆದ ವರ್ಷ ಏಪ್ರಿಲ್ ಕೊನೆಯಲ್ಲಿ ನೀವು ನಮ್ಮ ಮನೆಗೆ ಕಾಂಕ್ರೀಟ್ ದಾರಿ ಮಾಡಿಕೊಟ್ಟಿರಿ. 68 ಅಡಿ ಉದ್ದ, 11 ಅಡಿ ಅಗಲ, 5 ಇಂಚು ದಪ್ಪ. ಚದರಡಿಗೆ 200 ರೂಪಾಯಿಯಂತೆ 1,49,600. ಕಾಂಕ್ರೀಟಿನ ಅಚ್ಚು ತುಂಡುಗಳನ್ನು ಒತ್ತಿ ಬಲ ನೋಡುವ ಕ್ಯೂಬ್ ಪರೀಕ್ಷೆಗೆ ಬೇರೆ 3,000. ಜಿಎಸ್‌ಟಿ ಸೇರಿಸಿ 1,80,068 ರೂಪಾಯಿ. ಪೂರ್ತಿ ಹಣ ನಿಮ್ಮ ಖಾತೆಗೆ ಬಂದಿದೆ.

ಈಗ ದಾರಿಯ ಸ್ಥಿತಿ ಹೀಗಿದೆ. ಅಡ್ಡಕ್ಕೆ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಗೇಟಿನ ಹತ್ತಿರದ ಅಂಚು ಒಡೆದು ಕೈಗೆ ಬರುತ್ತಿದೆ. ಅಂಚಿನುದ್ದಕ್ಕೂ ಕೆಂಪು ತುಕ್ಕಿನ ಕಲೆ ಇಳಿದಿದೆ. ಕಾರಿನ ಚಕ್ರ ಓಡಾಡುವ ಕಡೆ ಮೇಲ್ಪದರ ಹಪ್ಪಳದ ಹಾಗೆ ಏಳುತ್ತಿದೆ. ಇದೆಲ್ಲ ಒಂದೇ ಮಳೆಗಾಲದಲ್ಲಿ.

ಫೋನ್ ಮಾಡಿದಾಗೆಲ್ಲ ನಿಮ್ಮ ಕಚೇರಿಯ ಉತ್ತರ ಒಂದೇ: "ಕಡಲ ಹತ್ತಿರ ಅಲ್ವಾ ಮೇಡಂ, ಉಪ್ಪು ಗಾಳಿ. ಹಾಗೇ ಆಗುತ್ತದೆ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಉಪ್ಪು ಗಾಳಿ ನಮ್ಮ ಊರಿಗೆ ಕಳೆದ ಜೂನ್‌ನಲ್ಲಿ ಹೊಸದಾಗಿ ಬಂದದ್ದಲ್ಲ. ಕಡಲು ಇಲ್ಲಿಂದ 300 ಮೀಟರ್ ದೂರ. ನಿಮ್ಮ ಇಂಜಿನಿಯರ್ ಜಾಗ ನೋಡಲು ಬಂದ ದಿನವೇ ತುಕ್ಕು ತಿಂದ ಕಿಟಕಿ ಸರಳು, ಗೇಟಿನ ಹಿಂಜ್ ಎಲ್ಲ ತೋರಿಸಿದ್ದೆ. ಅವರೂ ತಲೆಯಾಡಿಸಿ ಬರೆದುಕೊಂಡರು. ಆಮೇಲೆ ನೀವು ಕಳಿಸಿದ ಕೊಟೇಶನ್ನಿನ ತಲೆಬರಹವೇ "ಕರಾವಳಿ ಹವೆಗೆ ತಕ್ಕ ಕಾಂಕ್ರೀಟ್". ಬೇರೆಯವರಿಗಿಂತ ಜಾಸ್ತಿ ರೇಟು ಕೇಳಿದ್ದೂ ಅದೇ ಕಾರಣಕ್ಕೆ. ಹಣ ತೆಗೆದುಕೊಳ್ಳುವಾಗ ಇದ್ದ ಕಡಲು ಕೆಲಸ ಮಾಡುವಾಗ ಮರೆತುಹೋಯಿತೇ?

ನಾನು ಇಂಜಿನಿಯರ್ ಅಲ್ಲ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕಾಗದದಲ್ಲಿ ಬರೆದದ್ದನ್ನೂ ಜಾಗದಲ್ಲಿ ನಡೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಹಳೆಯ ಅಭ್ಯಾಸ. ಇಲ್ಲೂ ಅದನ್ನೇ ಮಾಡಿದ್ದೇನೆ.

ಕೊಟೇಶನ್‌ನಲ್ಲಿ "ಐಎಸ್ 456:2000 ಪ್ರಕಾರ" ಎಂದು ನೀವೇ ಮುದ್ರಿಸಿದ್ದೀರಿ. ಕಾಂಕ್ರೀಟ್ ಕೆಲಸದ ಆ ಭಾರತೀಯ ಮಾನಕದಲ್ಲಿ ಕರಾವಳಿ ಹವೆಗೆ ತೆರೆದಿರುವ ಕಾಂಕ್ರೀಟ್ "ತೀವ್ರ" ವರ್ಗಕ್ಕೆ ಸೇರುತ್ತದೆ. ಕಬ್ಬಿಣ ಹಾಕಿದ ಕೆಲಸವಾದರೆ ಬಲದಲ್ಲಿ ಕನಿಷ್ಠ ಎಂ30 ದರ್ಜೆ ಬೇಕು. ನೀರು ಮತ್ತು ಸಿಮೆಂಟಿನ ಅನುಪಾತ 0.45 ಮೀರಬಾರದು. ಸರಳನ್ನು ಮುಚ್ಚುವ ಕಾಂಕ್ರೀಟ್, ಅಂದರೆ ಕವರ್, 45 ಮಿ.ಮೀ. ಇರಬೇಕು. ಈ ಮೂರೂ ಅಂಕಿಗಳು ನಿಮ್ಮ ಕೊಟೇಶನ್‌ನಲ್ಲಿ ಹಾಗೇ ಇವೆ. ಕಾಗದದ ಮಟ್ಟಿಗೆ ನಿಮ್ಮ ಕೆಲಸ ಬಹಳ ಚೆನ್ನಾಗಿದೆ.

ಮೊದಲು ಮರಳಿನ ವಿಷಯ. ಗೇಟಿನ ಬಲಬದಿಯಲ್ಲಿ ಒಡೆದ ಅಂಗೈಯಗಲದ ತುಂಡೊಂದನ್ನು ಎತ್ತಿಟ್ಟಿದ್ದೇನೆ. ಒಡೆದ ಮುಖದಲ್ಲಿ ಬಿಳಿ ಚೂರುಗಳು ಕಾಣುತ್ತವೆ. ಸುಣ್ಣದ ಗಂಟಿರಬೇಕು ಅನ್ನಿಸುತ್ತದೆ, ಆದರೆ ಉಗುರಿನಿಂದ ಕೆದಕಿ ನೋಡಿದರೆ ಬೆನ್ನಿನ ಮೇಲೆ ಸಾಲು ಸಾಲು ಗೆರೆ. ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು! ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಒಂದು ಚೂರಂತೂ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಿದೆ. ನಿಮ್ಮ ಬಿಲ್ಲಿನಲ್ಲಿರುವುದು ಎಂ ಸ್ಯಾಂಡ್. ಕ್ರಷರ್‌ನಲ್ಲಿ ಕಲ್ಲು ಅರೆದು ಮಾಡುವ ಮರಳಿನೊಳಗೆ ಮರುವಾಯಿ ಎಲ್ಲಿಂದ ಬಂತು?

ಬಂದದ್ದು ಅಳಿವೆಯ ಹೊಯಿಗೆಯಿಂದ, ಅಂದರೆ ಅಲ್ಲಿನ ಮರಳಿನಿಂದ. ಕಡಲ ನೀರು ಏರಿ ಇಳಿಯುವ ಕಡೆಯಿಂದ ತೆಗೆದದ್ದು, ತೊಳೆಯದೆ ತಂದದ್ದು. ಸಂಜೆ ಹೊತ್ತು ಬಂದು ಸುರಿದು ಹೋದ ಆ ಟೆಂಪೋದ ಬಗ್ಗೆ ನಾನು ಕೇಳಿದಾಗ ನಿಮ್ಮ ಸೂಪರ್‌ವೈಸರ್ "ಎಂ ಸ್ಯಾಂಡೇ ಅಕ್ಕಾ, ಒದ್ದೆಯಾಗಿದೆ ಅದಕ್ಕೆ ಬಣ್ಣ ಬೇರೆ" ಎಂದಿದ್ದರು.

ಇನ್ನು ನೀರು. ಸಿಹಿನೀರಿನ ಟ್ಯಾಂಕರ್ ತರಿಸುವುದು ನಿಮ್ಮ ಜವಾಬ್ದಾರಿ ಎಂದು ಒಪ್ಪಂದದಲ್ಲಿದೆ. ಬೇಸಿಗೆಯಲ್ಲಿ ನಮ್ಮ ಹಿತ್ತಲ ಬಾವಿ ಉಪ್ಪಾಗುತ್ತದೆ, ಅದರ ನೀರು ಬಳಸಬೇಡಿ ಎಂದು ಮೊದಲೇ ಹೇಳಿದ್ದೆ. ಕಾಂಕ್ರೀಟ್ ಹಾಕುವ ದಿನ ಟ್ಯಾಂಕರ್ ತಡವಾಯಿತೆಂದು ನಿಮ್ಮ ಹುಡುಗರು ಅದೇ ಬಾವಿಗೆ ಮೋಟಾರ್ ಇಳಿಸಿದರು. ನಾನು ನಿಲ್ಲಿಸಿ ಎಂದೆ. "ಸ್ವಲ್ಪ ಉಪ್ಪು ಇದ್ದರೆ ಏನೂ ಆಗೋದಿಲ್ಲ" ಎಂದರು. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಜಾಸ್ತಿ ಕ್ಲೋರೈಡ್ ಇರಬಾರದು ಎಂದು ಐಎಸ್ 456 ಹೇಳುತ್ತದೆ. ನೀವು ನೀರನ್ನು ಪರೀಕ್ಷೆ ಮಾಡಿಸಿದ್ದೀರಾ? ಮಾಡಿಸಿದ್ದರೆ ವರದಿ ಕೊಡಿ.

ಮರಳು ಮತ್ತು ನೀರು ಇವೆರಡೇ ಈ ದೂರಿನ ಮುಖ್ಯ ಭಾಗ. ಒಳ್ಳೆಯ ಕಾಂಕ್ರೀಟಿನ ಒಳಗೆ ಕಬ್ಬಿಣ ಸುಮ್ನೆ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿನ ಕ್ಷಾರ ಅದರ ಮೈಮೇಲೆ ತೆಳು ಪದರ ಕಟ್ಟಿ ಕಾಯುತ್ತದೆ. ಉಪ್ಪಿನ ಕ್ಲೋರೈಡ್ ತಲುಪಿದಲ್ಲಿ ಆ ಪದರ ಮುರಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳಿ ಒಡೆಯುತ್ತದೆ. ಗಟ್ಟಿ ಕಾಂಕ್ರೀಟ್ ಆಗಿದ್ದರೆ ಗಾಳಿಯ ಉಪ್ಪು 45 ಮಿ.ಮೀ. ಇಳಿಯಲು ವರ್ಷಗಟ್ಟಲೆ ಬೇಕು. ಇಲ್ಲಿ ಗಾಳಿಗೆ ಆ ಕಷ್ಟವನ್ನೂ ನೀವು ಕೊಡಲಿಲ್ಲ. ಉಪ್ಪನ್ನು ನೇರವಾಗಿ ಮಿಕ್ಸರಿಗೇ ಹಾಕಿದಿರಿ.

ಅದೂ ಅಳತೆ ಇಲ್ಲದ ನೀರಿನಲ್ಲಿ. 0.45 ಅಂದರೆ 50 ಕೆ.ಜಿ. ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರ್, ಮರಳಿನ ಒದ್ದೆಯೂ ಅದರಲ್ಲೇ ಲೆಕ್ಕ. ನಿಮ್ಮವರು ಪೈಪನ್ನು ಮಿಕ್ಸರಿನ ಬಾಯಿಗೆ ಹಿಡಿದು, ಕಾಂಕ್ರೀಟ್ ಸಲೀಸಾಗಿ ಹರಿಯುವವರೆಗೆ ಬಿಡುತ್ತಿದ್ದರು. ಹರಡಲು ಅವರಿಗೆ ಸುಲಭವಾಯಿತು. ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿದು, ಮಳೆನೀರಿಗೂ ಉಪ್ಪಿಗೂ ದಾರಿಯಾಯಿತು.

ಸರಳನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್‌ಗಳ ಕಥೆ ಇನ್ನೂ ವಿಚಿತ್ರ. ಚೀಲ ತಂದಿದ್ದರು, ಬಿಚ್ಚಲೇ ಇಲ್ಲ. ಅದು ಈಗಲೂ ನಮ್ಮ ಸೌದೆ ಕೊಟ್ಟಿಗೆಯ ಹಿಂದೆ ಇದೆ. 8 ಮಿ.ಮೀ. ಸರಳಿನ ಜಾಲರಿಯನ್ನು ಜಲ್ಲಿಯ ಮೇಲೆ ಹಾಸಿ, "ಹಾಕುವಾಗ ಎತ್ತಿಕೊಳ್ಳುತ್ತೇವೆ" ಎಂದರು. ಎತ್ತಿದ್ದನ್ನು ನಾನು ನೋಡಲಿಲ್ಲ. ಅದರ ಮೇಲೆಯೇ ಓಡಾಡಿದ್ದನ್ನು ನೋಡಿದೆ. ನೆಲದ ಮೇಲಿನ ಇಂಥ ಚಪ್ಪಡಿಯಲ್ಲಿ ಬಿರುಕು ತಡೆಯುವ ಜಾಲರಿ ಮೇಲಿನ ಅರ್ಧದಲ್ಲಿ ಇರಬೇಕು. ಈಗ ಒಡೆದ ಅಂಚಿನಲ್ಲಿ ನೋಡಿದರೆ ತಳದ ಜಲ್ಲಿಗೆ ಅಂಟಿಕೊಂಡು ಮಲಗಿದೆ. ಬದಿಯಲ್ಲಂತೂ ಸರಳಿನ ತುದಿಗಳು ಹಲಗೆಗೆ ತಾಗಿಯೇ ಇದ್ದವು. ಅಲ್ಲಿ ಕವರ್ 45 ಅಲ್ಲ, ಸೊನ್ನೆ. ತುಕ್ಕಿನ ಕಲೆ ಇಳಿದಿರುವುದು ಸರಿಯಾಗಿ ಆ ತುದಿಗಳಿಂದಲೇ. ಫೋಟೋಗಳಲ್ಲಿ ಸ್ಪಷ್ಟವಾಗಿದೆ.

ಎಲ್ಲೆಂದರಲ್ಲಿ ಬಿರುಕು ಬೀಳದಂತೆ ಕೊಯ್ಯುವ ಗೆರೆ, ಅಂದರೆ ಜಾಯಿಂಟ್, ಕತ್ತರಿಸಲೇ ಇಲ್ಲ. 5 ಇಂಚಿನ ಚಪ್ಪಡಿಗೆ ಸುಮಾರು 10 ಅಡಿಗೊಂದರಂತೆ, ದಪ್ಪದ ಕಾಲು ಭಾಗದಷ್ಟು ಆಳಕ್ಕೆ, ಮರುದಿನದೊಳಗೆ ಕತ್ತರಿಸಬೇಕಿತ್ತು. "ಕಟ್ಟರ್ ಬೇರೆ ಸೈಟಿನಲ್ಲಿದೆ" ಎಂದು ಮುಂದೂಡಿದಿರಿ. ಕಟ್ಟರ್ ಬರುವವರೆಗೆ ಕಾಂಕ್ರೀಟ್ ಕಾಯಲಿಲ್ಲ, ತನಗೆ ಬೇಕಾದ ಕಡೆ ತಾನೇ ಬಿರುಕು ಬಿಟ್ಟುಕೊಂಡಿತು.

ನ್ಯಾಯವಾಗಿ ಹೇಳಬೇಕೆಂದರೆ ಎರಡು ಕೆಲಸ ಸರಿಯಾಗಿದ್ದವು. ತಳದ ಜಲ್ಲಿ ಚೆನ್ನಾಗಿ ಕುಟ್ಟಿದ್ದೀರಿ, ಎಲ್ಲೂ ಕುಸಿದಿಲ್ಲ. ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟ್ ತಂದದ್ದೂ ಸರಿ, ಕಡಲ ಬದಿಗೆ ಅದು ಒಳ್ಳೆಯದು. ಆದರೆ ಸ್ಲ್ಯಾಗ್ ಸಿಮೆಂಟ್ ಬಲ ಪಡೆಯುವುದು ನಿಧಾನ. ಅದಕ್ಕೇ ಇಂಥ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಒದ್ದೆಯಾಗಿಡುವುದು, ಬೇಕು, 14 ದಿನ ಮಾಡಿದರೆ ಉತ್ತಮ ಎಂದು ಐಎಸ್ 456ರಲ್ಲಿದೆ. ಕೊಟೇಶನ್‌ನಲ್ಲಿ ನೀವೂ 14 ದಿನ ಎಂದು ಬರೆದಿದ್ದೀರಿ. ನಿಮ್ಮವರು ಗೋಣಿ ಹಾಸಿ ನೀರು ಹೊಡೆದದ್ದು ಎರಡೇ ದಿನ. ಮೂರನೆಯ ದಿನ ಬೆಳಿಗ್ಗೆ ಗೋಣಿಯನ್ನೆಲ್ಲ ಸುತ್ತಿ ಬೇರೆ ಸೈಟಿಗೆ ಕೊಂಡೊಯ್ದರು. ಏಪ್ರಿಲ್ ಬಿಸಿಲು, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬೀಸುವ ಗಾಳಿ. ಹಸಿ ಕಾಂಕ್ರೀಟ್ ಎಷ್ಟು ಬೇಗ ಒಣಗುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕೇ? ಉಳಿದ ದಿನ ಬೇರೆಯವರ ಬಾವಿಯ ಸಿಹಿನೀರು ತಂದು ಹೊಡೆದದ್ದು ನಮ್ಮ ಮನೆಯವರು.

ಮೇಲ್ಮೈಗೆ ಪೊರಕೆ ಗೆರೆ ಎಳೆಯಲು ಹೇಳಿದ್ದೆ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ನುಣುಪು ನೆಲಕ್ಕೆ ಹಾವಸೆ ಹಿಡಿದರೆ ಕಾಲಿಡುವಂತಿಲ್ಲ. ಆದರೆ ಮೇಸ್ತ್ರಿ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಉಜ್ಜಿ ಹೊಳಪು ಮಾಡಿದರು. ಈಗ ಏಳುತ್ತಿರುವುದು ಆ ಪದರವೇ. ಇಳಿಜಾರೂ ಸರಿಯಿಲ್ಲ. 11 ಅಡಿ ಅಗಲಕ್ಕೆ ಚರಂಡಿ ಕಡೆಗೆ ಎರಡೂವರೆ ಇಂಚು ಇರಬೇಕಿತ್ತು, ಪೋರ್ಟಿಕೋ ಮುಂದೆ ನೀರು ನಿಲ್ಲುತ್ತದೆ. ಆಟಿ (ಆಷಾಢ) ತಿಂಗಳಲ್ಲಿ ನಮ್ಮ ಅತ್ತೆ ಅಲ್ಲೇ ಜಾರಿದರು. ದೇವರ ದಯೆ, ಕಂಬ ಹಿಡಿದುಕೊಂಡರು.

28 ದಿನ ಕಳೆದ ಮೇಲೆ ಒಣಗಿದ ಮೇಲ್ಮೈಗೆ ನೀರು ಇಳಿಯದಂತೆ ಸೈಲೇನ್ ಸೀಲರ್ ಹೊಡೆಯುತ್ತೇವೆ ಎಂದಿದ್ದಿರಿ. ಮೇ ಕೊನೆಯ ಪತ್ತನಾಜೆ ಕಳೆಯಿತು, ಮಳೆ ಹಿಡಿಯಿತು, ಸೀಲರ್ ಬರಲೇ ಇಲ್ಲ. ಬಿಲ್ಲಿನಲ್ಲಿ ಮಾತ್ರ "ಸೀಲರ್ ಸೇರಿ" ಎಂದು ಬಂದಿದೆ. ಮಳೆ ನಿಂತ ಮೇಲೆ ನೀವು ಕಳಿಸಿದ ಹುಡುಗ ತುಕ್ಕಿನ ಕಲೆ ತೆಗೆಯಲೆಂದು ಹೈಡ್ರೋಕ್ಲೋರಿಕ್ ಆಸಿಡ್ ಸುರಿದ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ಅದರಲ್ಲಿರುವುದೂ ಮತ್ತೆ ಕ್ಲೋರೈಡೇ. ಆ ಜಾಗದಲ್ಲಿ ಈಗ ಜಲ್ಲಿ ಎದ್ದು ಕಾಣುತ್ತಿದೆ. ನಿರ್ವಹಣೆಯ ಕಾರ್ಡಿನಲ್ಲಿ ನನಗೆ ಹೇಳಿದ್ದನ್ನೆಲ್ಲ, ಅಂದರೆ ಸಿಹಿನೀರಿನಲ್ಲಿ ತೊಳೆಯುವುದು, ಎಣ್ಣೆ ಬಿದ್ದರೆ ಒರೆಸುವುದು, ಹಾವಸೆ ತಿಕ್ಕುವುದು, ನಾನು ಮಾಡಿದ್ದೇನೆ. ಆಸಿಡ್ ಹಾಕಿ ಎಂದು ಆ ಕಾರ್ಡಿನಲ್ಲೂ ಇಲ್ಲ.

ಕಳೆದ ವಾರ ನಿಮ್ಮ ಕಚೇರಿಯಿಂದ ಎರಡು ಸಲಹೆ ಬಂದವು. ಒಡೆದಲ್ಲಿ ತೇಪೆ ಹಾಕಿ ಮೇಲೆ ಒಂದಿಂಚು ಗಾರೆ ಬಳಿಯುವುದು ಒಂದು. ಅರ್ಧ ಖರ್ಚು ನಾನು ಹಾಕಿದರೆ ಇದರ ಮೇಲೆಯೇ ಇಂಟರ್‌ಲಾಕ್ ಹಾಸಿಕೊಡುವುದು ಇನ್ನೊಂದು. ಎರಡೂ ಬೇಡ. ಉಪ್ಪು ಒಳಗೇ ಇರುವಾಗ ತೇಪೆಯ ಪಕ್ಕದಲ್ಲೇ ಮತ್ತೆ ತುಕ್ಕು ಶುರುವಾಗುತ್ತದೆ. ಇಂಟರ್‌ಲಾಕ್ ಹಾಸಿದರೆ ನಿಮ್ಮ ತಪ್ಪು ನನ್ನ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಅದಕ್ಕೆ ನಾನೇಕೆ ಅರ್ಧ ದುಡ್ಡು ಕೊಡಬೇಕು?

ನಾನು ಕೇಳುವುದು ಇಷ್ಟು. ಈ ಪತ್ರ ತಲುಪಿದ 15 ದಿನದೊಳಗೆ ನಿಮ್ಮ ಹಿರಿಯ ಇಂಜಿನಿಯರ್ ಬಂದು ನೋಡಲಿ. ಸೂಪರ್‌ವೈಸರ್ ಬೇಡ. 3,000 ರೂಪಾಯಿ ಪಡೆದ ಕ್ಯೂಬ್ ಪರೀಕ್ಷೆಯ 28 ದಿನದ ವರದಿ ತರಲಿ. ವರದಿ ಇಲ್ಲದಿದ್ದರೆ ಇಬ್ಬರಿಗೂ ಒಪ್ಪಿಗೆಯಾದ ಪ್ರಯೋಗಾಲಯದಿಂದ ಮೂರು ಕೋರ್, ಅಂದರೆ ಕೊರೆದ ತುಂಡು, ತೆಗೆಸಿ. ಸರಾಸರಿ ಬಲ ಎಂ30ರ ಶೇ. 85ಕ್ಕಿಂತ ಕಡಿಮೆ ಬಂದರೆ, ಅಥವಾ ಯಾವುದಾದರೂ ಒಂದು ಕೋರ್ ಶೇ. 75ಕ್ಕಿಂತ ಕಡಿಮೆ ಬಂದರೆ, ಕಾಂಕ್ರೀಟ್ ಸರಿಯಿಲ್ಲವೆಂದು ಐಎಸ್ 456 ಲೆಕ್ಕ. ಅದೇ ತುಂಡುಗಳಲ್ಲಿ ಕ್ಲೋರೈಡ್ ಪರೀಕ್ಷೆಯೂ ಆಗಲಿ. ಮಿತಿ ಘನಮೀಟರಿಗೆ 0.6 ಕೆ.ಜಿ. ಖರ್ಚು ನಿಮ್ಮದು. ಬಲ ಬಂದು ಕ್ಲೋರೈಡ್ ಮೀರಿದ್ದರೂ ನನ್ನ ಬೇಡಿಕೆ ಬದಲಾಗುವುದಿಲ್ಲ.

ಪರೀಕ್ಷೆಯಲ್ಲಿ ದೋಷ ಕಂಡರೆ ಪೂರ್ತಿ ತೆಗೆದು, ಒಪ್ಪಂದದಲ್ಲಿ ಬರೆದ ಹಾಗೆಯೇ ಹೊಸದಾಗಿ ಹಾಕಿಕೊಡಬೇಕು. ತಳದ ಜಲ್ಲಿ ಉಳಿಸಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ. ಮಾರ್ಚ್ ಕೊನೆಯೊಳಗೆ ಹಾಕಿದರೆ ಕ್ಯೂರಿಂಗ್, ಸೀಲರ್ ಎರಡಕ್ಕೂ ಮಳೆಗೆ ಮುಂಚೆ ಸಮಯ ಸಿಗುತ್ತದೆ. ಮರಳು, ನೀರು ಬಂದಾಗ ನನಗೆ ತೋರಿಸಿಯೇ ಇಳಿಸಬೇಕು. ಮಾಡಲು ಆಗದಿದ್ದರೆ 1,80,068 ರೂಪಾಯಿ ವಾಪಸು ಕೊಟ್ಟು, ಒಡೆದು ಸಾಗಿಸುವ ಖರ್ಚನ್ನೂ ಕೊಡಿ. ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ.

ನೀವು ಕೊಟ್ಟ ಐದು ವರ್ಷದ ವಾರಂಟಿ ಇನ್ನೂ ನಡೆಯುತ್ತಿದೆ. 15 ದಿನದಲ್ಲಿ ಬರಹದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಗೂ ಮುಗಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ದೂರು ಕೊಡಲು ಎರಡು ವರ್ಷ ಅವಕಾಶವಿದೆ, ಆದರೆ ಅಷ್ಟು ಕಾಯುವ ಮನಸ್ಸು ನನಗಿಲ್ಲ.

ಇಂಜಿನಿಯರ್ ಬರುವ ದಿನ ಮುಂಚೆಯೇ ತಿಳಿಸಿ. ಚಿಪ್ಪಿರುವ ತುಂಡನ್ನು ಅವರು ನೋಡಬಹುದು, ಫೋಟೋ ತೆಗೆಯಬಹುದು. ಕೊಂಡೊಯ್ಯಲು ಕೊಡುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ
(ಸಹಿ)

ಲಗತ್ತು: ಕೊಟೇಶನ್, ಬಿಲ್ಲು ಮತ್ತು ವಾರಂಟಿ ಕಾರ್ಡಿನ ಪ್ರತಿಗಳು, ಹಣ ಪಾವತಿಯ ವಿವರ, ಫೋಟೋಗಳು.